ತೆರೆಯ ಮೇಲಿನ ಮೋಶೆ: ಸಮುದ್ರ ಉಳಿದಿದೆ, ಪ್ರವಾದಿಯ ಮೊರೆ ಬಿಟ್ಟುಹೋಗಿದೆ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಬೈಬಲಿನ ಪ್ರವಾದಿಗಳ ಜೀವನವನ್ನು ಕುರಿತ ಚಲನಚಿತ್ರಗಳೂ ಧಾರಾವಾಹಿಗಳೂ ಈಗ ಮೊಬೈಲಿನಲ್ಲೇ ಸಿಗುವುದರಿಂದ ಮಕ್ಕಳಿಗೆ ದಪ್ಪ ಪುಸ್ತಕ ಓದಿಸುವ ಕಷ್ಟ ತಪ್ಪಿದೆಯೆಂದೂ, ಅದರಲ್ಲಿಯೂ ಐಗುಪ್ತದ (ಈಜಿಪ್ಟಿನ) ದಾಸತ್ವದಿಂದ ಇಬ್ರಿಯರನ್ನು ಬಿಡಿಸಿದ ಮೋಶೆಯ ಕಥೆಯನ್ನು ಇದ್ದದ್ದು ಇದ್ದ ಹಾಗೆ ತೋರಿಸುವ ಸಿನಿಮಾಗಳು ಸಾಕಷ್ಟಿವೆಯೆಂದೂ ಹುಬ್ಬಳ್ಳಿಯ ಓದುಗರೊಬ್ಬರು ತಮ್ಮ ಪತ್ರಿಕೆಗೆ ಬರೆದ ಪತ್ರವನ್ನು ಆಸಕ್ತಿಯಿಂದ ಓದಿದೆ. ಆ ಸಹೋದರರ ಕಳಕಳಿಯನ್ನು ಗೌರವಿಸುತ್ತೇನೆ. ಮಕ್ಕಳ ಕೈಗೆ ಪುಸ್ತಕ ಹಿಡಿಸುವುದು ಎಷ್ಟು ಕಷ್ಟವೆಂಬುದನ್ನು ಗದಗ-ಬೆಟಗೇರಿಯಲ್ಲಿ ಕನ್ನಡ ಶಿಕ್ಷಕನಾಗಿ ದುಡಿದು ನಿವೃತ್ತನಾದ ಮೇಲೆ ಸಂಡೇ ಸ್ಕೂಲಿನಲ್ಲಿ ಪಾಠ ಹೇಳುತ್ತಿರುವ ನಾನು ಬಲ್ಲೆ. ಆದರೆ 'ಇದ್ದದ್ದು ಇದ್ದ ಹಾಗೆ' ಎಂಬ ಅವರ ಮಾತನ್ನು ಮಾತ್ರ ಒಪ್ಪಲಾರೆ. ಸತ್ಯವೇದದ (ಬೈಬಲಿನ) ವಿಮೋಚನಕಾಂಡವನ್ನು ಪಕ್ಕದಲ್ಲಿಟ್ಟುಕೊಂಡು ಈ ಚಿತ್ರಗಳನ್ನು ನೋಡಿದವರಿಗೆ, ಸೇರಿಸಿದ್ದು ಎಷ್ಟು, ಬಿಟ್ಟದ್ದು ಎಷ್ಟು ಎಂಬುದು ಬೇಗನೆ ಕಾಣುತ್ತದೆ. ಸೇರಿಸಿದ್ದಕ್ಕಿಂತ ಬಿಟ್ಟದ್ದೇ ಹೆಚ್ಚು ಯೋಚಿಸಬೇಕಾದ ಸಂಗತಿ ಎಂಬುದು ನನ್ನ ಅಭಿಪ್ರಾಯ.

ನಮ್ಮಲ್ಲಿ ಹೆಚ್ಚಾಗಿ ತೋರಿಸುವ ಚಿತ್ರಗಳು ಮೂರು. ಮೊದಲನೆಯದು ಸಿಸಿಲ್ ಬಿ. ಡಿಮಿಲ್ 1956ರಲ್ಲಿ ಹೊರತಂದ, ಮೂರೂವರೆ ಗಂಟೆಗೂ ಮೀರಿದ 'ದಿ ಟೆನ್ ಕಮಾಂಡ್‌ಮೆಂಟ್ಸ್'. ಇದೇ ನಿರ್ದೇಶಕರು 1923ರಲ್ಲಿ ಅದೇ ಹೆಸರಿನಲ್ಲಿ ಮೂಕಿ ಚಿತ್ರವನ್ನೂ ಮಾಡಿದ್ದರು. ಎರಡನೆಯದು 1998ರ ಆನಿಮೇಷನ್ ಚಿತ್ರ 'ದಿ ಪ್ರಿನ್ಸ್ ಆಫ್ ಈಜಿಪ್ಟ್'. ಮೂರನೆಯದು ರಿಡ್ಲಿ ಸ್ಕಾಟ್ ನಿರ್ದೇಶನದ, 2014ರ 'ಎಕ್ಸೋಡಸ್: ಗಾಡ್ಸ್ ಆ್ಯಂಡ್ ಕಿಂಗ್ಸ್'. ಇವುಗಳ ಜೊತೆಗೆ 2024ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ಮೂರು ಕಂತುಗಳ ಸರಣಿಯೊಂದಿದೆ. ಅದರಲ್ಲಿ ಅಭಿನಯದ ನಡುನಡುವೆ ಯೆಹೂದಿ, ಕ್ರೈಸ್ತ, ಮುಸ್ಲಿಂ ವಿದ್ವಾಂಸರು ಮಾತನಾಡುತ್ತಾರೆ. ಹೀಗಾಗಿ ಯಾವುದು ಪಠ್ಯ, ಯಾವುದು ವ್ಯಾಖ್ಯಾನ ಎಂಬುದು ನೋಡುಗನಿಗೆ ಸ್ವಲ್ಪವಾದರೂ ತಿಳಿಯುತ್ತದೆ. ಉಳಿದ ಮೂರರಲ್ಲಿ ಆ ಅನುಕೂಲವಿಲ್ಲ. ಆದ್ದರಿಂದ ಅವುಗಳ ಬಗ್ಗೆಯೇ ಬರೆಯುತ್ತೇನೆ.

ಬೇಸಿಗೆ ರಜೆಯ ವಿ.ಬಿ.ಎಸ್. (ರಜಾ ಬೈಬಲ್ ಶಾಲೆ) ತರಗತಿಯಲ್ಲಿ 1998ರ ಚಿತ್ರವನ್ನು ತೋರಿಸಿದ ಮರುದಿನ ಏಳನೆಯ ತರಗತಿಯ ಹುಡುಗಿಯೊಬ್ಬಳು ಸತ್ಯವೇದವನ್ನು ತೆರೆದುಕೊಂಡು ಬಹಳ ಹೊತ್ತು ಹಾಳೆ ತಿರುವಿ, ಕೊನೆಗೆ ನನ್ನ ಹತ್ತಿರ ಬಂದು, "ಸರ್, ಅಣ್ಣತಮ್ಮರಿಬ್ಬರೂ ರಥ ಓಡಸೂದು ಯಾವ ಅಧ್ಯಾಯದಾಗ ಬರ್ತೈತ್ರಿ?" ಎಂದು ಕೇಳಿದಳು. ವಿಮೋಚನಕಾಂಡದ ಎರಡನೆಯ ಅಧ್ಯಾಯವನ್ನು ಅವಳ ಮುಂದೆ ಬಿಡಿಸಿ ತೋರಿಸಿದೆ. ಹತ್ತನೆಯ ವಚನದಲ್ಲಿ ಕೂಸು ಐಗುಪ್ತದ ರಾಜ ಫರೋಹನ ಮಗಳ ಮಡಿಲು ಸೇರಿ ಮೋಶೆ ಎಂಬ ಹೆಸರು ಪಡೆಯುತ್ತದೆ. ಹನ್ನೊಂದನೆಯ ವಚನದಲ್ಲಿ ಅವನು ದೊಡ್ಡವನಾಗಿ, ತನ್ನ ಜನರ ಬಿಟ್ಟಿ ದುಡಿಮೆಯನ್ನು ನೋಡಲು ಹೊರಗೆ ಬರುತ್ತಾನೆ. ನಡುವೆ ಒಂದಕ್ಷರವೂ ಇಲ್ಲ. ಹುಡುಗಿ ಎರಡೂ ವಚನಗಳ ಮೇಲೆ ಬೆರಳಿಟ್ಟು, ಮತ್ತೆ ನನ್ನ ಮುಖ ನೋಡಿದಳು. ಅವಳಿಗೆ ತುಂಬ ಇಷ್ಟವಾಗಿದ್ದ ಭಾಗವೆಲ್ಲ ಆ ಎರಡು ವಚನಗಳ ನಡುವಿನ ಖಾಲಿ ಜಾಗದಲ್ಲಿತ್ತು.

ಡಿಮಿಲ್ ಚಿತ್ರದಲ್ಲಿಯೂ ಮಧ್ಯಂತರಕ್ಕೆ ಮುಂಚಿನ ಬಹುಪಾಲು ನಿಂತಿರುವುದು ಇದೇ ಖಾಲಿ ಜಾಗದಲ್ಲಿ. ಮೋಶೆಯ ಅರಮನೆ ಜೀವನ, ಸಿಂಹಾಸನಕ್ಕಾಗಿ ಅವನಿಗೂ ರಾಜಕುಮಾರ ರಾಮೆಸೆಸ್‌ನಿಗೂ ನಡೆಯುವ ಪೈಪೋಟಿ, ರಾಜಕುಮಾರಿ ನೆಫ್ರೆಟಿರಿಯ ಪ್ರೇಮ, ಇವು ಯಾವುವೂ ಸತ್ಯವೇದದಲ್ಲಿಲ್ಲ. ಆದರೂ ಡಿಮಿಲ್ ಇದನ್ನು ಮುಚ್ಚಿಡಲಿಲ್ಲ ಎಂಬುದನ್ನು ಹೇಳಲೇಬೇಕು. ಚಿತ್ರದ ಆರಂಭದ ಅಕ್ಷರಫಲಕಗಳಲ್ಲಿಯೇ ಪವಿತ್ರ ಗ್ರಂಥದ ಜೊತೆಗೆ ಪ್ರಾಚೀನ ಲೇಖಕರಾದ ಫಿಲೋ, ಜೋಸೆಫಸ್, ಯುಸೇಬಿಯಸ್ ಮತ್ತು ಯೆಹೂದಿಗಳ ಗ್ರಂಥವ್ಯಾಖ್ಯಾನಗಳಾದ ಮಿದ್ರಾಶ್‌ಗಳನ್ನು ಆಧಾರವಾಗಿ ಹೆಸರಿಸಲಾಗಿದೆ. ನಿರ್ದೇಶಕರು ಸ್ವತಃ ತೆರೆಯ ಮುಂದೆ ಬಂದು ನಿಂತು ಪ್ರಸ್ತಾವನೆ ಹೇಳುತ್ತಾರೆ. 1998ರ ಚಿತ್ರವೂ ಕಥೆಯಲ್ಲಿ ಕಲಾತ್ಮಕ ಮತ್ತು ಐತಿಹಾಸಿಕ ಸ್ವಾತಂತ್ರ್ಯ ತೆಗೆದುಕೊಂಡಿರುವುದನ್ನು ಮೊದಲ ಫಲಕದಲ್ಲೇ ಒಪ್ಪಿಕೊಂಡು, ಮೂಲ ಕಥೆ ವಿಮೋಚನಕಾಂಡದಲ್ಲಿ ಸಿಗುತ್ತದೆಂದು ತಿಳಿಸುತ್ತದೆ. ನಮ್ಮಲ್ಲಿ ಮಾತ್ರ ತೋರಿಸುವವರು ಸಮಯ ಉಳಿಸಲು ಆ ಫಲಕವನ್ನು ಓಡಿಸಿಬಿಡುತ್ತಾರೆ, ಅಥವಾ ಇಂಗ್ಲಿಷಿನಲ್ಲಿರುವ ಕಾರಣ ಮಕ್ಕಳು ಅದನ್ನು ಓದುವುದಿಲ್ಲ.

ಗದುಗಿನ ವೀರನಾರಾಯಣನ ಊರಿನಲ್ಲಿ ಕುಳಿತು, ಕವಿಯಾದವನು ಮೂಲಕ್ಕೆ ಏನನ್ನೂ ಸೇರಿಸಬಾರದೆಂದು ಹೇಳುವಷ್ಟು ಅರಸಿಕ ನಾನಲ್ಲ. ಕುಮಾರವ್ಯಾಸನು ವ್ಯಾಸರ ಹದಿನೆಂಟು ಪರ್ವಗಳಲ್ಲಿ ಹತ್ತನ್ನು ಮಾತ್ರ ಆರಿಸಿಕೊಂಡು, ಭಾರತದ ಕಥೆಯನ್ನು ಕೃಷ್ಣನ ಕಥೆಯಾಗಿಸಿದನು. ಹಾಗೆ ಮಾಡುತ್ತಿರುವುದಾಗಿ ಪೀಠಿಕೆಯಲ್ಲಿಯೇ ಹೇಳಿಯೂ ಹೇಳಿದನು. ಧಾರವಾಡದಲ್ಲಿ ದುಡಿದ ಕಿಟೆಲ್‌ರು ಕ್ರಿಸ್ತನ ಕಥೆಯನ್ನು ಕನ್ನಡ ಛಂದಸ್ಸಿಗೆ ತಂದು 'ಕಥಾಮಾಲೆ'ಯನ್ನು ಬರೆದಾಗ ಕಥೆಗೆ ನಮ್ಮ ನೆಲದ ಉಡುಪು ಬಂದಿತು; ಅದರಿಂದ ಯಾರಿಗೂ ನಷ್ಟವಾಗಲಿಲ್ಲ. ಬಯಲಾಟ, ಸಣ್ಣಾಟಗಳನ್ನು ನೋಡುತ್ತ ಬೆಳೆದ ನಮ್ಮ ಭಾಗದವರಿಗೆ ಪಾತ್ರಧಾರಿ ಮೂಲದಲ್ಲಿಲ್ಲದ ನಾಲ್ಕು ಮಾತು ಆಡಿದರೆ ಗಾಬರಿಯಾಗುವುದಿಲ್ಲ. ಹೀಗಾಗಿ ರಥದ ಓಟವೊಂದನ್ನು ಸೇರಿಸಿದ್ದಕ್ಕಾಗಿ ನಾನು ಈ ಪತ್ರ ಬರೆಯುತ್ತಿಲ್ಲ. ಸೇರಿಸಿದ ಭಾಗವು ಪಾತ್ರದ ತಿರುಳನ್ನು ಬೆಳಗಿಸುತ್ತದೆಯೋ, ಅಥವಾ ಅದರ ಜಾಗವನ್ನೇ ಆಕ್ರಮಿಸುತ್ತದೆಯೋ ಎಂಬುದು ನನ್ನ ಪ್ರಶ್ನೆ.

ವಿಮೋಚನಕಾಂಡವು ಫರೋಹನ ಹೆಸರನ್ನು ಹೇಳುವುದೇ ಇಲ್ಲ. ಕೂಸನ್ನು ಎತ್ತಿಕೊಂಡ ಅವನ ಮಗಳ ಹೆಸರನ್ನೂ ಹೇಳುವುದಿಲ್ಲ. ಇಬ್ರಿಯರು ಕಟ್ಟಿದ ಉಗ್ರಾಣದ ಪಟ್ಟಣಗಳಲ್ಲಿ ಒಂದರ ಹೆಸರು ರಾಮ್ಸೇಸ್ ಎಂದು ಮೊದಲನೆಯ ಅಧ್ಯಾಯದಲ್ಲಿ ಬರುವುದರಿಂದ ಮೂರೂ ಚಿತ್ರಗಳು ರಾಜನಿಗೆ ರಾಮೆಸೆಸ್ ಎಂಬ ಹೆಸರಿಟ್ಟಿವೆ. ಆದರೆ ಅದೇ ಅಧ್ಯಾಯ ಇಬ್ಬರು ಹೆಂಗಸರನ್ನು ಹೆಸರು ಹಿಡಿದು ಕರೆಯುತ್ತದೆ: ಶಿಪ್ರಾ ಮತ್ತು ಪೂಗಾ. ಇವರಿಬ್ಬರೂ ಸೂಲಗಿತ್ತಿಯರು. ಗಂಡು ಕೂಸು ಹುಟ್ಟಿದರೆ ಕೊಂದುಬಿಡಿರೆಂದು ರಾಜನು ಆಜ್ಞೆ ಮಾಡಿದಾಗ ಇವರು ದೇವರಿಗೆ ಹೆದರಿ ಕೂಸುಗಳನ್ನು ಉಳಿಸುತ್ತಾರೆ. ರಾಜನು ಕರೆಸಿ ಕೇಳಿದಾಗ, ಇಬ್ರಿಯ ಹೆಂಗಸರು ಗಟ್ಟಿಗರು, ಸೂಲಗಿತ್ತಿ ಹೋಗಿ ಮುಟ್ಟುವುದರೊಳಗೆ ಹಡೆದುಬಿಟ್ಟಿರುತ್ತಾರೆ ಎಂದು ಉತ್ತರ ಕೊಡುತ್ತಾರೆ. ಲೋಕವೇ ಹೆದರುವ ಚಕ್ರವರ್ತಿಯನ್ನು ಹೆಸರಿಲ್ಲದೆ ಬಿಟ್ಟು, ಹೆರಿಗೆ ಮಾಡಿಸುವ ಇಬ್ಬರನ್ನು ಹೆಸರಿಸುವ ಗ್ರಂಥದ ಮನಸ್ಸು ಎಂಥದೆಂಬುದು ಇಲ್ಲಿಯೇ ತಿಳಿಯುತ್ತದೆ. ಚಿತ್ರಗಳಲ್ಲಿ ಇದು ತಿರುಗುಮುರುಗಾಗಿದೆ. ರಾಜನಿಗೆ ಹೆಸರು, ಬಾಲ್ಯ, ತಂದೆ, ಮಗ, ದುಃಖ ಎಲ್ಲವೂ ದಕ್ಕಿವೆ. ಸೂಲಗಿತ್ತಿಯರಿಗೆ ಹೇಳಿಕೊಳ್ಳುವಂಥ ಜಾಗವೇ ದಕ್ಕಿಲ್ಲ. ತರಗತಿಯಲ್ಲಿ ಫರೋಹನ ಹೆಸರು ಕೇಳಿದರೆ ಮಕ್ಕಳೆಲ್ಲ ಒಟ್ಟಿಗೆ ಕೂಗಿ ಹೇಳುತ್ತಾರೆ. ಶಿಪ್ರಾ ಯಾರೆಂದು ಕೇಳಿದರೆ ತರಗತಿ ಸುಮ್ಮನಾಗುತ್ತದೆ.

ಇಲ್ಲಿ ನಮ್ಮ ಊರುಗಳಿಗೆ ಸಂಬಂಧಿಸಿದ ಇನ್ನೊಂದು ವಿಷಯವನ್ನು ಹೇಳಬೇಕು. ಮೋಶೆಯು ನಮ್ಮ ಮುಸ್ಲಿಂ ನೆರೆಹೊರೆಯವರಿಗೆ ಮೂಸಾ ಪ್ರವಾದಿಗಳು. ಕುರ್‌ಆನ್‌ನಲ್ಲಿ ಅತಿ ಹೆಚ್ಚು ಸಲ ಬರುವ ಪ್ರವಾದಿಯ ಹೆಸರು ಅವರದೇ. ಅಲ್ಲಿ ಕೂಸನ್ನು ಉಳಿಸಿಕೊಳ್ಳೋಣವೆಂದು ಕೇಳಿಕೊಳ್ಳುವವಳು ಫರೋಹನ ಹೆಂಡತಿ, ಮಗಳಲ್ಲ. 1998ರ ಚಿತ್ರದಲ್ಲಿ ಬುಟ್ಟಿಯನ್ನು ತೆರೆಯುವವಳೂ ರಾಣಿಯೇ. ಹೀಗಾಗಿ ಆ ಒಂದು ದೃಶ್ಯದ ಮಟ್ಟಿಗೆ ಚಿತ್ರವು ವಿಮೋಚನಕಾಂಡಕ್ಕಿಂತ ಕುರ್‌ಆನ್‌ಗೆ ಹತ್ತಿರವಾಗಿದೆ. ಫರೋಹನ ಕೊನೆಯ ವಿಷಯವೂ ಹೀಗೆಯೇ. ಮೂರೂ ಚಿತ್ರಗಳಲ್ಲಿ ರಾಮೆಸೆಸ್ ಬದುಕಿ ಉಳಿಯುತ್ತಾನೆ. ಇಬ್ರಿಯರನ್ನು ಬೆನ್ನಟ್ಟಿದ ಸೈನ್ಯ ಸಮುದ್ರದಲ್ಲಿ ಮುಳುಗಿದ ಮೇಲೆ ದಡದಲ್ಲಿ ಒಬ್ಬನೇ ನಿಂತ ಸೋತ ರಾಜನನ್ನು ತೋರಿಸುವ ಆಸೆಯನ್ನು ಯಾವ ನಿರ್ದೇಶಕರೂ ಬಿಟ್ಟುಕೊಟ್ಟಿಲ್ಲ. ವಿಮೋಚನಕಾಂಡದ 14ನೆಯ ಅಧ್ಯಾಯವು ರಥಗಳೂ ಕುದುರೆ ಸವಾರರೂ ಮುಳುಗಿದ್ದನ್ನು ಹೇಳಿ ರಾಜನ ವಿಷಯವನ್ನು ಬಿಡಿಸಿ ಹೇಳುವುದಿಲ್ಲವಾದರೂ, 136ನೆಯ ಕೀರ್ತನೆಯು ಫರೋಹನನ್ನೂ ಅವನ ಸೈನ್ಯವನ್ನೂ ಕೆಂಪು ಸಮುದ್ರದಲ್ಲಿ ಕೆಡವಿದನೆಂದು ದೇವರನ್ನು ಕೊಂಡಾಡುತ್ತದೆ. ಕುರ್‌ಆನ್‌ನಲ್ಲಂತೂ ಅವನು ಮುಳುಗುವಾಗ ಆಡಿದ ಮಾತೂ ದಾಖಲಾಗಿದೆ. ಎರಡೂ ಮನೆಯ ಮಕ್ಕಳು ಒಂದೇ ಓಣಿಯಲ್ಲಿ ಒಂದೇ ಚಿತ್ರವನ್ನು ನೋಡುವ ಹುಬ್ಬಳ್ಳಿಯಂಥ ಊರಿನಲ್ಲಿ, ಯಾವುದು ಯಾರ ಗ್ರಂಥದ ಮಾತು, ಯಾವುದು ಸಿನಿಮಾದವರ ಮಾತು ಎಂಬ ತಿಳಿವಳಿಕೆ ಎರಡೂ ಕಡೆಯ ಹಿರಿಯರಿಗೆ ಇರುವುದು ಒಳ್ಳೆಯದು.

ಇನ್ನು ಮೋಶೆಯ ವಿಷಯ. ಫರೋಹನ ಮುಂದೆ ನಿಂತಾಗ ಅವನಿಗೆ 80 ವರ್ಷ, ಅಣ್ಣ ಆರೋನನಿಗೆ 83 ವರ್ಷ ಎಂದು ವಿಮೋಚನಕಾಂಡದ ಏಳನೆಯ ಅಧ್ಯಾಯ ಸ್ಪಷ್ಟವಾಗಿ ಹೇಳುತ್ತದೆ. ದೇವರು ಅವನನ್ನು ಕರೆದ ಉರಿಯುವ ಪೊದೆಯ ಮುಂದೆ ಅವನು ದೇವರಿಗೆ ಒಂದಲ್ಲ, ಐದು ಸಲ ಅಡ್ಡಿ ಹೇಳುತ್ತಾನೆ: ನಾನೆಷ್ಟರವನು ಎನ್ನುತ್ತಾನೆ, ನಿನ್ನ ಹೆಸರೇನೆಂದು ಕೇಳಿದರೆ ಏನು ಹೇಳಲಿ ಎನ್ನುತ್ತಾನೆ, ಜನರು ನಂಬುವುದಿಲ್ಲ ಎನ್ನುತ್ತಾನೆ, ನನ್ನ ನಾಲಿಗೆ ಮಂದ ಎನ್ನುತ್ತಾನೆ, ಕಡೆಗೆ ಬೇರೆ ಯಾರನ್ನಾದರೂ ಕಳುಹಿಸು ಎಂದು ಬೇಡಿಕೊಳ್ಳುತ್ತಾನೆ. ಆಗ ದೇವರಿಗೆ ಕೋಪ ಬರುತ್ತದೆ. ಆರೋನನು ಅವನಿಗೆ ಬಾಯಾಗಿ ನಿಲ್ಲಲಿ ಎಂಬ ಏರ್ಪಾಡಾಗುತ್ತದೆ. ತೆರೆಯ ಮೇಲೆ ಈ ಮುದುಕನೂ ಇಲ್ಲ, ಮಂದ ನಾಲಿಗೆಯೂ ಇಲ್ಲ. ಚಾರ್ಲ್ಟನ್ ಹೆಸ್ಟನ್‌ರ ಮೋಶೆಗೆ ಪೊದೆಯ ದರ್ಶನದ ನಂತರ ಗಡ್ಡ ಮತ್ತು ಕೂದಲು ನರೆಯುತ್ತವೆ, ಆದರೆ ಅವನ ಕಂಠ ಅರಮನೆಯ ಕಂಬಗಳು ನಡುಗುವಂತೆ ಮೊಳಗುತ್ತದೆ. ಆ ನಟನ ಅಭಿನಯದ ಗಾಂಭೀರ್ಯವನ್ನು ನಾನು ಮೆಚ್ಚುತ್ತೇನೆ. ಆದರೂ ಅಂಥ ಕಂಠವುಳ್ಳವನಿಗೆ ಆರೋನನ ಅಗತ್ಯವೇ ಬೀಳುವುದಿಲ್ಲ. 1998ರ ಚಿತ್ರದಲ್ಲಿ ಫರೋಹನೊಡನೆ ಮಾತನಾಡುವವನು ಯುವಕ ಮೋಶೆಯೇ. ಆರೋನನು ಅನುಮಾನದಿಂದ ಹಿಂದೆ ಸರಿಯುವ ಸಣ್ಣ ಪಾತ್ರವಾಗಿ ಉಳಿದಿದ್ದಾನೆ. 2014ರ ಚಿತ್ರದ ಮೋಶೆಯಂತೂ ಸೇನಾಪತಿ. ಅವನ ಕೈಯಲ್ಲಿ ಕೋಲಿನ ಜಾಗದಲ್ಲಿ ಕತ್ತಿ ಇದೆ. ಇಬ್ರಿಯರಿಗೆ ಅವನು ಹೊಂಚುಹಾಕಿ ಹೊಡೆಯುವ ಯುದ್ಧವನ್ನು ಕಲಿಸುತ್ತಾನೆ. ಕುರಿ ಕಾಯುತ್ತಿದ್ದ ತೊದಲು ಮಾತಿನ ಮುದುಕನೊಬ್ಬನು ಕೋಲು ಹಿಡಿದು ಚಕ್ರವರ್ತಿಯ ಮುಂದೆ ನಿಲ್ಲುವುದರಲ್ಲಿಯೇ ಕಥೆಯ ಅರ್ಥವಿರುವಾಗ, ಬಲಶಾಲಿಯೊಬ್ಬನನ್ನು ಅಲ್ಲಿ ನಿಲ್ಲಿಸಿದರೆ ಗೆಲುವು ಯಾರದೆಂಬುದೇ ಬದಲಾಗಿಬಿಡುತ್ತದೆ.

ಫರೋಹನ ಹೃದಯ ಕಠಿಣವಾದ ವಿಷಯದಲ್ಲಿಯೂ ಚಿತ್ರಗಳು ಸುಲಭದ ದಾರಿ ಹಿಡಿದಿವೆ. ಇದು ದೇವಜ್ಞಾನ ಓದಿದವರನ್ನೂ ಕಾಡುವ ವಿಷಯ. ಎಂಟನೆಯ ಅಧ್ಯಾಯದಲ್ಲಿ, ದೇವರು ಐಗುಪ್ತದ ಮೇಲೆ ತಂದ ಉಪದ್ರವಗಳಲ್ಲಿ ಕಪ್ಪೆಗಳ ಉಪದ್ರವ ಕಳೆದ ಕೂಡಲೇ ಫರೋಹನು ತಾನೇ ತನ್ನ ಹೃದಯವನ್ನು ಮೊಂಡುಮಾಡಿಕೊಳ್ಳುತ್ತಾನೆ. ಒಂಬತ್ತನೆಯ ಅಧ್ಯಾಯದಲ್ಲಿ ಹುಣ್ಣುಗಳ ಉಪದ್ರವದ ನಂತರ ಯೆಹೋವನೇ ಅವನ ಹೃದಯವನ್ನು ಕಠಿಣಪಡಿಸಿದನೆಂದು ಬರೆದಿದೆ. ಪಠ್ಯವು ಈ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಯಾವ ಸಮಾಧಾನವನ್ನೂ ಹೇಳದೆ ಮುಂದೆ ಸಾಗುತ್ತದೆ. ಡಿಮಿಲ್ ಚಿತ್ರದಲ್ಲಿ ನೆಫ್ರೆಟಿರಿಯು ರಾಜನನ್ನು ಕೆಣಕಿ, ಅವನ ಮನಸ್ಸನ್ನು ಕಲ್ಲು ಮಾಡುತ್ತಾಳೆ. 1998ರ ಚಿತ್ರದಲ್ಲಿ, ವಂಶದ ಸರಪಳಿಯಲ್ಲಿ ತಾನು ದುರ್ಬಲ ಕೊಂಡಿಯಾಗಬಾರದೆಂದು ತಂದೆ ಹೇಳಿದ ಮಾತಿನ ಭಾರ ಅವನ ತಲೆಯ ಮೇಲಿದೆ. ಎರಡನೆಯ ಕಾರಣ ಮನಸ್ಸಿಗೆ ಮುಟ್ಟುವಂತಿದೆ ಎಂದು ಒಪ್ಪುತ್ತೇನೆ. ಅಧಿಕಾರದಲ್ಲಿರುವವನು ಹಿಂದೆ ಸರಿಯಲಾರದೆ ಹೋಗುವ ಬಗೆಯನ್ನು ಅದು ಚೆನ್ನಾಗಿ ತೋರಿಸುತ್ತದೆ. ಆದರೆ ದೇವರ ಪಾಲು ಎಷ್ಟು, ಮನುಷ್ಯನ ಪಾಲು ಎಷ್ಟು ಎಂದು ಓದುಗನು ನಿದ್ದೆಗೆಟ್ಟು ಯೋಚಿಸಬೇಕಾದ ಜಾಗದಲ್ಲಿ ಪ್ರೇಕ್ಷಕನಿಗೆ ಸಿದ್ಧ ಉತ್ತರ ಸಿಕ್ಕಿಬಿಡುತ್ತದೆ. ಹತ್ತು ಉಪದ್ರವಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. 2014ರ ಚಿತ್ರವು ಮೊಸಳೆಗಳಿಂದ ನದಿ ಕೆಂಪಾಯಿತೆಂದು ಆರಂಭಿಸಿ ಒಂದರಿಂದ ಇನ್ನೊಂದು ಹುಟ್ಟಿದಂತೆ ಸಹಜ ಕಾರಣಗಳ ಸಾಲನ್ನು ಜೋಡಿಸಿದೆ. ಸಮುದ್ರ ಇಬ್ಭಾಗವಾದ ವಿಷಯದಲ್ಲಿ, ಮೂಡಣ ಗಾಳಿ ರಾತ್ರಿಯೆಲ್ಲ ಬೀಸಿ ನೀರನ್ನು ಹಿಂದಕ್ಕೆ ತಳ್ಳಿತೆಂದು ಪಠ್ಯ ಹೇಳಿದರೆ, 1956 ಮತ್ತು 1998ರ ಚಿತ್ರಗಳಿಗೆ ಅಷ್ಟು ಹೊತ್ತು ಕಾಯುವ ತಾಳ್ಮೆ ಇಲ್ಲ. ಇವು ಸಣ್ಣ ವ್ಯತ್ಯಾಸಗಳು.

ದೊಡ್ಡ ವ್ಯತ್ಯಾಸವಿರುವುದು 32ನೆಯ ಅಧ್ಯಾಯದಲ್ಲಿ. ಈ ಪತ್ರ ಬರೆಯಲು ಕಾರಣವೂ ಅದೇ ಅಧ್ಯಾಯ.

ಮೋಶೆ ಸೀನಾಯಿ ಬೆಟ್ಟದ ಮೇಲಿದ್ದಾಗ ಕೆಳಗೆ ಜನರು ತಾಳ್ಮೆಗೆಟ್ಟು ಚಿನ್ನದ ಕರುವನ್ನು ಮಾಡಿಸಿಕೊಳ್ಳುತ್ತಾರೆ. ಮಾಡಿಕೊಟ್ಟವನು ಆರೋನನೇ. ಡಿಮಿಲ್ ಚಿತ್ರದಲ್ಲಿ ಇದರ ಹೊಣೆ ಬಹುಮಟ್ಟಿಗೆ ದಾತಾನನೆಂಬ ಇಬ್ರಿಯನ ಮೇಲೆ ಬೀಳುತ್ತದೆ; ನೆಲ ಬಾಯ್ಬಿಟ್ಟು ಅವನ ಕಡೆಯವರನ್ನು ನುಂಗುವುದೂ ಅಲ್ಲಿಯೇ ನಡೆಯುತ್ತದೆ. ಸತ್ಯವೇದದಲ್ಲಿ ದಾತಾನನನ್ನು ನೆಲ ನುಂಗುವುದು ಅರಣ್ಯಕಾಂಡದ 16ನೆಯ ಅಧ್ಯಾಯದಲ್ಲಿ, ಮೋಶೆಯ ವಿರುದ್ಧ ಎದ್ದ ಕೋರಹನ ದಂಗೆಯ ಸಂದರ್ಭದಲ್ಲಿ. ಮರುಭೂಮಿಯ ನಲವತ್ತು ವರ್ಷಗಳ ಅಲೆದಾಟವನ್ನೂ ಚಿತ್ರವು ಕರುವಿನ ಪಾಪದ ಬೆನ್ನಿಗೇ ಜೋಡಿಸಿದೆ. ಪಠ್ಯದ ಪ್ರಕಾರ ಅದು ವಾಗ್ದಾನದ ನಾಡನ್ನು ನೋಡಿಬಂದ ಗೂಢಚಾರರ ವರದಿಗೆ ಹೆದರಿ ಜನರು ಗೊಣಗಿದ್ದಕ್ಕೆ ಬಂದ ಶಿಕ್ಷೆ. ಕಥೆಯನ್ನು ಚಿಕ್ಕದಾಗಿಸಲು ಹೀಗೆ ಸೇರಿಸಿರಬಹುದು. ಆದರೆ ತನ್ನ ಸ್ವಂತ ಅಣ್ಣನೇ, ಮುಂದೆ ಮಹಾಯಾಜಕನಾಗಬೇಕಾದವನೇ ವಿಗ್ರಹವನ್ನು ಎರಕ ಹೊಯ್ದು, ಕೇಳಿದಾಗ ಚಿನ್ನವನ್ನು ಬೆಂಕಿಗೆ ಹಾಕಿದೆ, ಈ ಕರು ಹೊರಬಂತು ಎಂದು ಹೇಳುವ ದೃಶ್ಯದ ಸಂಕಟ ಖಳನಾಯಕನೊಬ್ಬನ ಮೇಲೆ ಹೊಣೆ ಹಾಕಿದಾಗ ಕಳೆದುಹೋಗುತ್ತದೆ.

ಅದಕ್ಕಿಂತ ಮುಖ್ಯವಾದದ್ದು ಬೆಟ್ಟದ ಮೇಲೆ ನಡೆದ ಮಾತು. ದೇವರು ಮೋಶೆಗೆ, ನನ್ನನ್ನು ತಡೆಯಬೇಡ, ಇವರನ್ನು ನಾಶಮಾಡಿ ನಿನ್ನಿಂದಲೇ ದೊಡ್ಡ ಜನಾಂಗವನ್ನು ಹುಟ್ಟಿಸುತ್ತೇನೆ ಎನ್ನುತ್ತಾನೆ. ಯಾವ ನಾಯಕನಿಗೂ ಇದಕ್ಕಿಂತ ದೊಡ್ಡ ಆಮಿಷ ಬಂದಿರಲಾರದು. ಈ ಜನರಿಗಾಗಿ ಅರಮನೆ ಬಿಟ್ಟವನು, ಅವರಿಂದ ಬೈಸಿಕೊಂಡವನು, ಒಂದು ಸಲ ಸುಮ್ಮನಿದ್ದರೂ ಸಾಕಿತ್ತು. ಆದರೆ ಮೋಶೆ ಸುಮ್ಮನಿರುವುದಿಲ್ಲ. ಬೆಟ್ಟಗಳಲ್ಲಿ ಕೊಲ್ಲುವುದಕ್ಕಾಗಿಯೇ ಇವರನ್ನು ಕರೆತಂದನೆಂದು ಐಗುಪ್ತದವರು ಆಡಿಕೊಳ್ಳುವುದಿಲ್ಲವೇ, ಅಬ್ರಹಾಮ, ಇಸಾಕ, ಇಸ್ರಾಯೇಲರಿಗೆ ಕೊಟ್ಟ ಮಾತನ್ನು ನೆನಪಿಸಿಕೋ ಎಂದು ದೇವರ ಮುಂದೆಯೇ ವಾದಕ್ಕೆ ನಿಲ್ಲುತ್ತಾನೆ. ಕೆಳಗಿಳಿದು ಬಂದು ದಶಾಜ್ಞೆಗಳ ಕಲ್ಲಿನ ಹಲಗೆಗಳನ್ನು ಒಡೆಯುತ್ತಾನೆ, ಕರುವನ್ನು ಸುಟ್ಟು ಪುಡಿಮಾಡಿ ನೀರಿನಲ್ಲಿ ಕದಡಿ ಜನರಿಗೆ ಕುಡಿಸುತ್ತಾನೆ. ಆ ದಿನ ಲೇವಿ ಕುಲದವರ ಕತ್ತಿಗೆ 3000 ಜನರು ಬಲಿಯಾಗುತ್ತಾರೆ. ಓದಲು ಕಠಿಣವಾದ ಅಧ್ಯಾಯವಿದು, ಮಕ್ಕಳಿಗೆ ಹೇಳುವಾಗ ನನ್ನ ಧ್ವನಿ ತಗ್ಗುತ್ತದೆ. ಇಷ್ಟೆಲ್ಲ ಆದ ಮೇಲೆ ಮೋಶೆ ಮತ್ತೆ ಬೆಟ್ಟ ಹತ್ತಿ, ಇವರ ಪಾಪವನ್ನು ಕ್ಷಮಿಸು, ಇಲ್ಲವಾದರೆ ನೀನು ಬರೆದಿರುವ ಪುಸ್ತಕದಿಂದ ನನ್ನ ಹೆಸರನ್ನು ಅಳಿಸಿಬಿಡು ಎಂದು ಮೊರೆಯಿಡುತ್ತಾನೆ. ಜನರ ಮುಂದೆ ದೇವರ ಪರವಾಗಿ ಉರಿದವನು ದೇವರ ಮುಂದೆ ಜನರ ಪರವಾಗಿ ಕರಗುತ್ತಾನೆ. ಪ್ರವಾದಿಯೆಂದರೆ ಯಾರೆಂದು ನನ್ನನ್ನು ಕೇಳಿದರೆ ನಾನು ತೋರಿಸುವುದು ಈ ಮನುಷ್ಯನನ್ನು.

ಮೂರು ಚಿತ್ರಗಳಲ್ಲಿ ಈ ಮೊರೆ ಎಲ್ಲಿದೆ? 1998ರ ಚಿತ್ರವು ಮೋಶೆ ಹಲಗೆಗಳನ್ನು ಹಿಡಿದು ಬೆಟ್ಟದಿಂದ ಬರುವಲ್ಲಿಗೆ ಮುಗಿಯುತ್ತದೆ, ಕರುವಿನ ಸುದ್ದಿಯೇ ಇಲ್ಲ. ಡಿಮಿಲ್ ಚಿತ್ರದಲ್ಲಿ ಕರುವಿನ ಸುತ್ತಲಿನ ಕುಣಿತಕ್ಕೂ ಶಿಕ್ಷೆಗೂ ಹೇರಳ ಸಮಯವಿದೆ, ಬಿಡಿಸಿಕೊಳ್ಳುವ ಪ್ರಾರ್ಥನೆಗೆ ಇಲ್ಲ. 2014ರ ಚಿತ್ರದಲ್ಲಿ ಕರುವನ್ನು ಬೆಟ್ಟದ ಮೇಲಿನಿಂದ ದೂರದ ನೋಟವಾಗಿ ಮುಟ್ಟಿಸಿ ಬಿಡಲಾಗಿದೆ. ನ್ಯಾಯವಾಗಿ ಹೇಳಬೇಕೆಂದರೆ, ಮೋಶೆ ದೇವರಿಗೆ ಎದುರು ಮಾತನಾಡುವುದು ಹೆಚ್ಚಾಗಿ ಕಾಣುವುದು ಈ ಮೂರನೆಯ ಚಿತ್ರದಲ್ಲಿಯೇ. ಐಗುಪ್ತದ ಚೊಚ್ಚಲ ಮಕ್ಕಳ ಸಾವಿನ ಮಾತು ಬಂದಾಗ ಅವನು ಅದನ್ನು ವಿರೋಧಿಸುತ್ತಾನೆ. ಇತಿಹಾಸಕ್ಕೆ ಹೊಂದುವುದಿಲ್ಲವೆಂದು ಈಜಿಪ್ಟ್ ದೇಶವು ಈ ಚಿತ್ರವನ್ನು ನಿಷೇಧಿಸಿತು, ದೇವರನ್ನು ಹುಡುಗನೊಬ್ಬನ ರೂಪದಲ್ಲಿ ತೋರಿಸಿದ್ದಕ್ಕೆ ಭಕ್ತರು ನೊಂದುಕೊಂಡರು. ಹುಡುಗನ ರೂಪ ನನಗೂ ಹಿಡಿಸಲಿಲ್ಲ. ಆದರೂ ಅಲ್ಲಿ ಮೋಶೆಯ ಎದುರಿಗೆ ಇನ್ನೊಬ್ಬನು ಇದ್ದಾನೆ ಎಂಬುದನ್ನು ಗಮನಿಸಬೇಕು. 1956ರ ಚಿತ್ರದಲ್ಲಿ ಪೊದೆಯೊಳಗಿನಿಂದ ಕೇಳುವ ದೇವರ ಧ್ವನಿಯನ್ನು ಕೊಟ್ಟವರು ಸ್ವತಃ ಹೆಸ್ಟನ್. 1998ರಲ್ಲಿ ಮೋಶೆಗೂ ದೇವರಿಗೂ ವ್ಯಾಲ್ ಕಿಲ್ಮರ್ ಒಬ್ಬರೇ ಧ್ವನಿ ಕೊಟ್ಟಿದ್ದಾರೆ. ಕೇಳಲು ಇದು ಸೊಗಸಾದ ಕಲ್ಪನೆ. ಆದರೆ ದೇವರ ಧ್ವನಿ ಪ್ರವಾದಿಯ ಒಳಗಿನ ಧ್ವನಿಯೇ ಆಗಿಬಿಟ್ಟರೆ, 32ನೆಯ ಅಧ್ಯಾಯದ ವಾದವನ್ನು ಯಾರೊಡನೆ ನಡೆಸುವುದು? ತನ್ನ ಧ್ವನಿಯ ಮುಂದೆ ತಾನೇ ನಿಂತು ಇನ್ನೊಬ್ಬರ ಜೀವಕ್ಕಾಗಿ ಅಂಗಲಾಚಲು ಆಗುವುದಿಲ್ಲ.

ಮೋಶೆಯ ಇನ್ನಿತರ ಮುಖಗಳೂ ಹೆಚ್ಚಾಗಿ ತೆರೆಗೆ ಬಂದಿಲ್ಲ. ಬೆಳಗಿನಿಂದ ಸಂಜೆಯವರೆಗೆ ಜನರ ವ್ಯಾಜ್ಯ ತೀರಿಸಿ ಬಳಲುವವನನ್ನು ಕಂಡು, ಮಾವ ಇತ್ರೋನನು ಸಾವಿರ, ನೂರು, ಐವತ್ತು, ಹತ್ತು ಜನರ ಮೇಲೆ ಅಧಿಕಾರಿಗಳನ್ನು ನೇಮಿಸು ಎಂದು ಬುದ್ಧಿ ಹೇಳಿದ್ದು ಇಲ್ಲ. ಮಾಂಸಕ್ಕಾಗಿ ಅಳುವ ಜನರನ್ನು ಕಂಡು, ಇವರನ್ನೆಲ್ಲ ನಾನೇನು ಹಡೆದಿದ್ದೇನೆಯೇ, ಕೂಸಿನಂತೆ ಎದೆಗೆ ಅವಚಿಕೊಂಡು ಹೊರಲು, ಇದಕ್ಕಿಂತ ನನ್ನನ್ನು ಕೊಂದುಬಿಡು ಎಂದು ಅರಣ್ಯಕಾಂಡದ 11ನೆಯ ಅಧ್ಯಾಯದಲ್ಲಿ ಅವನು ದೇವರಿಗೆ ಹೇಳಿದ್ದೂ ಇಲ್ಲ. ಅದೇ ಅಧ್ಯಾಯದಲ್ಲಿ, ಪಾಳೆಯದೊಳಗೆ ಇನ್ನಿಬ್ಬರು ಪ್ರವಾದಿಸುತ್ತಿದ್ದಾರೆ ಎಂದು ಯುವಕನೊಬ್ಬನು ಓಡಿ ಬಂದು ತಿಳಿಸಿ, ಅವರನ್ನು ತಡೆಯಿರಿ ಎಂದು ಮೋಶೆಯ ಸೇವಕ ಯೆಹೋಶುವನು ಹೇಳಿದಾಗ, ಯೆಹೋವನ ಜನರೆಲ್ಲರೂ ಪ್ರವಾದಿಗಳಾದರೆ ಎಷ್ಟು ಒಳ್ಳೆಯದು ಎಂದ ಆ ಉದಾರ ಮನಸ್ಸನ್ನು ಯಾವ ಚಿತ್ರದಲ್ಲಿಯೂ ನಾನು ಕಂಡಿಲ್ಲ. ಬಂಡೆಯನ್ನು ಹೊಡೆದ ತಪ್ಪಿಗಾಗಿ ವಾಗ್ದಾನದ ನಾಡಿನೊಳಗೆ ಕಾಲಿಡದೆ, 120ನೆಯ ವಯಸ್ಸಿನಲ್ಲಿ ನೆಬೋ ಬೆಟ್ಟದ ಮೇಲಿನಿಂದ ಅದನ್ನು ಕಣ್ಣಾರೆ ನೋಡಿ ಸತ್ತ ಕೊನೆಯ ಭಾಗವನ್ನು ಡಿಮಿಲ್ ಒಬ್ಬರೇ ಮುಟ್ಟಿದ್ದಾರೆ. ಅಗಲಿಕೆಯ ಆ ದೃಶ್ಯದಲ್ಲಿ ಹೆಸ್ಟನ್‌ರ ಮೋಶೆ ಪಠ್ಯದ ಮೋಶೆಗೆ ಬಹಳ ಹತ್ತಿರ ಬರುತ್ತಾನೆ ಎಂಬುದು ನನ್ನ ಎಣಿಕೆ.

ಈ ಕಾರಣಗಳಿಂದ, ಚಿತ್ರಗಳನ್ನು ತೋರಿಸಲೇಬಾರದೆಂದು ನಾನು ಹೇಳುವುದಿಲ್ಲ. ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡಕ್ಕೂ, 1839ರಲ್ಲಿ ಹುಬ್ಬಳ್ಳಿಗೂ, 1841ರಲ್ಲಿ ಬೆಟಗೇರಿಗೂ ಬಂದು ನೆಲೆಸಿದ ಕಾಲದಿಂದ ನಮ್ಮ ಸಭೆಗಳು ಓದುವ ಸಭೆಗಳಾಗಿ ಬೆಳೆದವು. ಅಕ್ಷರ ಬಾರದ ಅಜ್ಜಿಯರಿಗೆ ಮೊಮ್ಮಕ್ಕಳು ಸಾಲುಸಾಲಾಗಿ ಓದಿ ಹೇಳುತ್ತಿದ್ದುದನ್ನು ನಾನು ಕಂಡಿದ್ದೇನೆ. ಆ ರೂಢಿಯ ಜಾಗವನ್ನು ಪ್ರೊಜೆಕ್ಟರ್ ತುಂಬಲಾರದು, ಅದರ ಪಕ್ಕದಲ್ಲಿ ಇರಬಹುದು ಅಷ್ಟೇ. ಚಿತ್ರ ತೋರಿಸುವ ಸಭಾಪಾಲಕರೂ ಶಿಕ್ಷಕರೂ ಹಿಂದಿನ ದಿನವೇ ಮಕ್ಕಳಿಂದ ಮೊದಲ ನಾಲ್ಕು ಅಧ್ಯಾಯಗಳನ್ನೂ 32ನೆಯ ಅಧ್ಯಾಯವನ್ನೂ ಗಟ್ಟಿಯಾಗಿ ಓದಿಸಲಿ, ಆರಂಭದ ಫಲಕವನ್ನು ಓಡಿಸದೆ ಕನ್ನಡದಲ್ಲಿ ಹೇಳಲಿ. ಕನ್ನಡಕ್ಕೆ ಡಬ್ ಮಾಡುವವರು ಮೋಸೆಸ್, ಜೆತ್ರೋ ಎಂದು ಬಿಡದೆ ನಮ್ಮ ಸತ್ಯವೇದದಲ್ಲಿರುವ ಹೆಸರುಗಳನ್ನೇ ಬಳಸಿದರೆ, ನೋಡಿದ ಮಗು ಪುಸ್ತಕದಲ್ಲಿ ಹುಡುಕಿಕೊಳ್ಳಲು ಆಗುತ್ತದೆ. ತಮ್ಮ ಪತ್ರಿಕೆಯೂ ಇಂಥ ಚಿತ್ರಗಳ ವಿಮರ್ಶೆ ಪ್ರಕಟಿಸುವಾಗ ಗ್ರಾಫಿಕ್ಸ್ ಮತ್ತು ಖರ್ಚಿನ ಲೆಕ್ಕದ ಜೊತೆಗೆ ಮೂಲ ಪಠ್ಯದೊಡನೆ ಹೋಲಿಸಿ ಎರಡು ಮಾತು ಬರೆಯಿಸಬೇಕೆಂದು ಕೋರುತ್ತೇನೆ.

ಕೊನೆಯದಾಗಿ, ಕ್ರಿಸ್‌ಮಸ್ ಮತ್ತು ಬೇಸಿಗೆ ರಜೆಯಲ್ಲಿ ನಾಟಕ ಆಡುವ ಧಾರವಾಡ, ಹುಬ್ಬಳ್ಳಿ, ಗದಗ ಮತ್ತು ಹಾವೇರಿ ಭಾಗದ ಯುವಕ ಯುವತಿಯರಲ್ಲಿ ನನ್ನದೊಂದು ವಿನಂತಿ. ದೊಡ್ಡ ಸಿನಿಮಾಗಳು ಬಿಟ್ಟ ಆ 32ನೆಯ ಅಧ್ಯಾಯವನ್ನು ನೀವು ಆಡಿರಿ. ಅದಕ್ಕೆ ಸಮುದ್ರವೂ ಬೇಡ, ರಥಗಳೂ ಬೇಡ. ಮೋಶೆಯ ಪಾತ್ರವನ್ನು ವಯಸ್ಸಾದ ಹಿರಿಯರೊಬ್ಬರಿಗೆ ಕೊಡಿರಿ. ಅವರು ತಡವರಿಸಿ ಮಾತನಾಡಿದರೆ ಇನ್ನೂ ಒಳ್ಳೆಯದು. ಆರೋನನ ಉತ್ತರವನ್ನು ಮೆದುಮಾಡಬೇಡಿರಿ. ದೇವರ ಮಾತುಗಳನ್ನು ಮೋಶೆಯ ಪಾತ್ರಧಾರಿಯಿಂದ ಆಡಿಸದೆ, ಪ್ರೇಕ್ಷಕರ ಹಿಂದಿನಿಂದ ಬೇರೊಬ್ಬರ ಧ್ವನಿಯಲ್ಲಿ ಕೇಳಿಸಿರಿ. ನಾಟಕದ ಮಾತುಗಳನ್ನು ಸತ್ಯವೇದದ ಪಠ್ಯದೊಡನೆ ಹೋಲಿಸಿ ತಿದ್ದಿಕೊಡಲು ಯಾರಾದರೂ ಕೇಳಿದರೆ ನಾನು ಸಂತೋಷದಿಂದ ಒಪ್ಪುತ್ತೇನೆ; ಆಸಕ್ತರು ಪತ್ರಿಕೆಯ ಕಚೇರಿಯ ಮೂಲಕ ಸಂಪರ್ಕಿಸಬಹುದು.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಶಿಕ್ಷಕ,
ಬೆಟಗೇರಿ, ಗದಗ ಜಿಲ್ಲೆ